ಜಾಹೀರಾತಿನಲ್ಲಿ ಹದ್ದಕ್ಕನ ಮುಖ

ಟಿಕೆಟ್ ಇಲ್ಲದೆ ಆ ಬಸ್ಸಿನಿಂದ ಇಳಿದುಹೋದವರು ಯಾರೂ ಇಲ್ಲವೆಂದರೆ ಉತ್ಪ್ರೇಕ್ಷೆಯಾದೀತು. ಆದರೆ ಹಾಗೆ ಇಳಿಯಲು ನೋಡಿದವರಲ್ಲಿ ಎದೆ ಡವಡವ ಎನ್ನದವರು ಯಾರೂ ಇರಲಿಲ್ಲ. ಕಂಡಕ್ಟರ್ ಹೆಂಗಸಿನ ಕಣ್ಣು ಹಾಗಿತ್ತು. ಮುಂಬಾಗಿಲಲ್ಲಿ ನಿಂತು, ಕಂಬಕ್ಕೆ ಬೆನ್ನು ಕೊಟ್ಟು, ನಿಂತವರ ಭುಜಗಳ ಸಂದಿಯಲ್ಲಿ ಕಟ್ಟಕಡೆಯ ಸೀಟಿನವರೆಗೆ ನೋಟ ತೂರಿಸುತ್ತಿದ್ದಳು. ನಿದ್ದೆಯ ನಟನೆ ಮಾಡುವವರು, ಫೋನಿನಲ್ಲಿ ಮುಳುಗಿದಂತೆ ತೋರಿಸುವವರು, ಆಗಲೇ ಟಿಕೆಟ್ ಪಡೆದವರ ಗತ್ತಿನಲ್ಲಿ ಕೂತವರು ಎಲ್ಲರೂ ಅವಳಿಗೆ ಅಂಗೈ ನೆಲ್ಲಿಕಾಯಿ.

"ಏನ್ರೀ, ಕಿಟಕಿಯಾಚೆ ಅಷ್ಟೊಂದು ಏನು ನೋಡ್ತಿದ್ದೀರಿ? ಗೋಡೆ ಬಿಟ್ರೆ ಅಲ್ಲೇನೂ ಇಲ್ಲ. ತೆಗೀರಿ ಚಿಲ್ಲರೆ" ಎಂದರೆ ಇಡೀ ಬಸ್ಸು ನಗುತ್ತಿತ್ತು. "ಪುಕ್ಸಟ್ಟೆ ಸಿಕ್ರೆ ನಂಗೂ ಇರ್ಲಿ ನಮ್ಮಪ್ಪಂಗೂ ಇರ್ಲಿ ಅನ್ನೋರು ದಯವಿಟ್ಟು ನಡ್ಕೊಂಡು ಹೋಗಿ, ಆರೋಗ್ಯಕ್ಕೂ ಒಳ್ಳೇದು" ಎನ್ನುವುದು ಅವಳ ಇನ್ನೊಂದು ಮಾತು. ಪ್ರಯಾಣಿಕರು ಅವಳಿಗೆ ಹದ್ದಕ್ಕ ಎಂದು ಹೆಸರಿಟ್ಟಿದ್ದರು. ಹೆಸರು ಅವಳ ಕಿವಿಗೂ ಬಿದ್ದಿತ್ತು, ಒಳಗೊಳಗೇ ಹಿಗ್ಗೂ ಆಗಿತ್ತು. ಅವಳು ಅಣ್ಣ ಎಂದು ಕರೆಯುತ್ತಿದ್ದ ಮುದಿ ಡ್ರೈವರ್ ಹೊಸಬರಿಗೆ ಹೇಳುತ್ತಿದ್ದ: "ನಮ್ಮಕ್ಕನ ಕಣ್ಣು ತಪ್ಪಿಸೋಕೆ ಸೊಳ್ಳೆಗೂ ಆಗಲ್ಲ. ಅದೂ ಅರ್ಧ ಟಿಕೆಟ್ ತಗೊಂಡೇ ಕಚ್ಬೇಕು."

ವರ್ಷಗಟ್ಟಲೆ ಬಾಗಿಲಲ್ಲಿ ನಿಂತು ಬಿಸಿಲು ತಿಂದ ಆ ಮುಖದ ಮೇಲೆ ಬಂಗು ಎದ್ದಿತ್ತು. ಮೊದಲು ಎಡಗೆನ್ನೆಯಲ್ಲಿ ಚಹಾ ಚೆಲ್ಲಿ ಒರೆಸಿದಷ್ಟು ಕಂದು ಬಣ್ಣ. ಆಮೇಲೆ ಬಲಗೆನ್ನೆ, ಕಡೆಗೆ ಮೂಗಿನ ಮೇಲೂ ಹಾದು ಎರಡೂ ಕೂಡಿಕೊಂಡವು. ಅವಳ ಗಂಡ ನೀರೆತ್ತುವ ಮೋಟಾರುಗಳಿಗೆ ತಂತಿ ಸುತ್ತುವ ಸಣ್ಣ ಅಂಗಡಿ ಇಟ್ಟಿದ್ದ. ತಮಾಷೆಯ ಮನುಷ್ಯ. "ನನ್ನ ಕೈಗೆ ಗ್ರೀಸು, ನಿನ್ನ ಕೆನ್ನೆಗೆ ಬಂಗು. ಈಡುಜೋಡು ಸರಿಯಾಗಿದೆ ಬಿಡು" ಎನ್ನುತ್ತಿದ್ದ. ಅವಳೂ ನಗುತ್ತಿದ್ದಳು. ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲುವ ಜೀವವಲ್ಲ ಅದು.

ಒಂದು ದಿನ ಬಸ್ಸು ಕಿಕ್ಕಿರಿದಿದ್ದಾಗ ತಾಯಿಯ ತೊಡೆಯ ಮೇಲೆ ಕೂತಿದ್ದ ಮಗುವೊಂದು ಅವಳನ್ನೇ ದಿಟ್ಟಿಸಿ ನೋಡಿ, ಎಲ್ಲರಿಗೂ ಕೇಳುವಂತೆ, "ಅಮ್ಮಾ, ಈ ಆಂಟಿ ಮುಖ ತೊಳ್ಕೊಂಡಿಲ್ವಾ?" ಎಂದಿತು. ಹಿಂದಿನ ಸೀಟುಗಳಲ್ಲಿ ಕಿಸಕ್ಕೆಂದರು. ತಾಯಿ ನಾಚಿ ಮಗುವಿನ ಬಾಯಿ ಮುಚ್ಚಿದಳು. ಹದ್ದಕ್ಕ ಸೋಲುವವಳಲ್ಲ, "ತೊಳ್ದೆ ಪುಟ್ಟಾ, ಸೋಪೇ ಖರ್ಚಾಗ್ಹೋಯ್ತು" ಎಂದು ನಗಿಸಿ ಮುಂದೆ ಹೋದಳು. ಆದರೆ ಆ ಮಾತು ಒಳಗೆ ಮುಳ್ಳಿನಂತೆ ಮುರಿದುಕೊಂಡಿತು. ಟ್ರಿಪ್ಪು ಮುಗಿದ ಮೇಲೆ ಡಿಪೋದ ಹೆಂಗಸರ ಕೋಣೆಯಲ್ಲಿ, ನಲ್ಲಿಯ ಮೇಲಿನ ಕನ್ನಡಿಯೆದುರು, ಮುಖವನ್ನು ಉಜ್ಜಿ ಉಜ್ಜಿ ತೊಳೆದಳು. ಕೊಳೆಯಾಗಿದ್ದರೆ ಹೋಗುತ್ತಿತ್ತು.

ಅದಾದ ಮೇಲೆ ಫೋನಿನಲ್ಲಿ ಬಂಗಿನ ಮದ್ದು ಹುಡುಕುವ ಚಟ ಹತ್ತಿತು. ಒಮ್ಮೆ ಹುಡುಕಿದ್ದೇ ತಡ, ಫೋನೇ ಅವಳನ್ನು ಹುಡುಕಿಕೊಂಡು ಬರತೊಡಗಿತು. ಅಡುಗೆ ವಿಡಿಯೋ ತೆರೆದರೂ ಮುಖದ ಕ್ರೀಮು, ಹವಾಮಾನ ನೋಡಿದರೂ ಮುಖದ ಕ್ರೀಮು. ಅವುಗಳಲ್ಲಿ ಒಂದು ಅವಳ ಕಣ್ಣು ಹಿಡಿದು ನಿಲ್ಲಿಸಿತು: "ಉಚಿತ ಪ್ರಯೋಗ! ಬೆಲೆ ಏನೂ ಇಲ್ಲ. ಅಂಚೆ ಖರ್ಚು ಮಾತ್ರ ನಿಮ್ಮದು." ಕೆಳಗೆ ಗಡಿಯಾರವೊಂದು ಹಿಂದುಹಿಂದಕ್ಕೆ ಓಡುತ್ತಿತ್ತು. ಉಳಿದಿರುವುದು ಕೆಲವೇ ಡಬ್ಬಿಗಳು ಎಂದು ಕೆಂಪಕ್ಷರದಲ್ಲಿ ಮಿನುಗುತ್ತಿತ್ತು.

ಡಿಪೋದ ಕೋಣೆಯಲ್ಲಿ ಊಟದ ಡಬ್ಬಿ ಪಕ್ಕಕ್ಕಿಟ್ಟು ಹದ್ದಕ್ಕ ಯೋಚಿಸಿದಳು. ಹೋದರೆ ಅಂಚೆ ಖರ್ಚು ತಾನೆ? ತನಗೂ ಗಂಡನಿಗೂ ಸೇರಿದ ಖಾತೆಯ ಕಾರ್ಡಿನ ಅಂಕಿಗಳನ್ನು ಒತ್ತಿದಳು. ಅವಸರದಲ್ಲಿ, ತಿಳಿಬೂದಿ ಬಣ್ಣದ ಅಕ್ಷರಗಳ ಎದುರು ಆಗಲೇ ಸರಿ ಗುರುತು ಬಿದ್ದಿದ್ದ ಒಂದು ಪುಟಾಣಿ ಚೌಕ ಅವಳಿಗೆ ಕಾಣಲಿಲ್ಲ. ಕಟ್ಟಕಡೆಯ ಸೀಟಿನಲ್ಲಿ ಅಡಗಿದವರನ್ನು ಕಾಣುವ ಕಣ್ಣಿಗೆ, ಮೂಗಿನ ತುದಿಯಲ್ಲಿದ್ದುದು ಕಾಣಲಿಲ್ಲ. ಆಮೇಲೆ ಇನ್ನೊಂದು ಪುಟ ತೆರೆದುಕೊಂಡಿತು. ಈಗಿನ ಮುಖದ ಫೋಟೋ ಕಳಿಸಿದರೆ, ಚರ್ಮಕ್ಕೆ ತಕ್ಕ ಸಲಹೆ ಮತ್ತು ಇನ್ನೊಂದು ಡಬ್ಬಿ ಉಡುಗೊರೆ. ಟ್ಯೂಬ್‌ಲೈಟಿನ ಅಡಿಯಲ್ಲಿ ನಿಂತು, ಯಾರಾದರೂ ಬಂದಾರೆಂದು ಬಾಗಿಲ ಕಡೆ ನೋಡುತ್ತ, ಒಂದು ಫೋಟೋ ತೆಗೆದು ಕಳಿಸಿದಳು. ಜೀವನದಲ್ಲಿ ಅಷ್ಟು ಕೆಟ್ಟ ಫೋಟೋ ಅವಳು ತೆಗೆಸಿಕೊಂಡಿರಲಿಲ್ಲ.

ಕ್ರೀಮು ಬಂತು. ಅವಳು ಅದನ್ನು ಮನೆಗೆ ಒಯ್ಯದೆ ಕೆಲಸದ ಚೀಲದಲ್ಲಿ ಟಿಕೆಟ್ ಕಾಗದದ ಸುರುಳಿಗಳ ಕೆಳಗಿಟ್ಟುಕೊಂಡಳು. ಹಚ್ಚಿದಾಗ ಉರಿಯುತ್ತಿತ್ತು, ಉರಿದರೆ ಕೆಲಸ ಮಾಡುತ್ತಿದೆ ಎಂದುಕೊಂಡಳು. ಕೆನ್ನೆ ಕೆಂಪಾಯಿತು, ಹೊಟ್ಟು ಎದ್ದಿತು. ಬಂಗು ಇದ್ದಲ್ಲೇ ಇತ್ತು. ಹೆದರಿ ಹಚ್ಚುವುದನ್ನು ನಿಲ್ಲಿಸಿದಳು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು.

ಮುಂದಿನ ತಿಂಗಳು ಗಂಡ ಖಾತೆ ನೋಡಿ ಹೌಹಾರಿದ. "ಏನೇ ಇದು, ಇಷ್ಟೊಂದು ದುಡ್ಡು ಕಡಿಮೆಯಾಗಿದೆ! ನೀನೇನಾದ್ರೂ ತೆಗೆದ್ಯಾ?"

"ಇಲ್ವಲ್ಲ" ಎಂದಳು ಹದ್ದಕ್ಕ. ಆಗ ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಆದರೆ ಹೇಳಿ ಮುಗಿಸುವಷ್ಟರಲ್ಲಿ ಅನುಮಾನ ಹುಟ್ಟಿತು. ಹುಟ್ಟಿದ ಮೇಲೂ ಸುಮ್ಮನಿರದೆ, "ಬ್ಯಾಂಕಿನವರೇ ಏನೋ ಎಡವಟ್ಟು ಮಾಡಿರ್ಬೇಕು" ಎಂದು ಸೇರಿಸಿದಳು.

ಗಂಡ ಅಂಗಡಿ ಮುಚ್ಚಿ ಬ್ಯಾಂಕಿಗೆ ಹೋದ. ಸಾಲಿನಲ್ಲಿ ನಿಂತ. ಸರದಿ ಬಂದಾಗ ದನಿ ಏರಿಸಿ ಜಗಳವಾಡಿದ. "ನನ್ನ ಹೆಂಡ್ತಿ ಕಂಡಕ್ಟರು ಕಣ್ರೀ. ಲೆಕ್ಕದಲ್ಲಿ ಅವಳನ್ನ ಮೀರಿಸೋರಿಲ್ಲ. ಅವಳು ಇಲ್ಲ ಅಂದ್ರೆ ಇಲ್ಲ!" ಎಂದ. ಗುಮಾಸ್ತೆ ತಾಳ್ಮೆಯ ಹುಡುಗಿ. ಕಂಪ್ಯೂಟರನ್ನು ಅವನ ಕಡೆ ತಿರುಗಿಸಿ ತೋರಿಸಿದಳು. ಹೆಂಡತಿಯ ಕಾರ್ಡು, ಮುಖದ ಕ್ರೀಮಿನ ಕಂಪನಿ. ಪ್ರಯೋಗದ ಅವಧಿ ಮುಗಿದ ಮೇಲೆ ಬೇಡ ಎಂದು ತಿಳಿಸದಿದ್ದರೆ ಪ್ರತಿ ತಿಂಗಳೂ ಪೂರ್ತಿ ಬೆಲೆ ಕಡಿತವಾಗುತ್ತದೆ ಎಂದು ಬಿಡಿಸಿ ಹೇಳಿದಳು. ಹಿಂದೆ ನಿಂತವರಿಗೂ ಕಂಡಿತು. ಅವನು ಗುಮಾಸ್ತೆಯ ಕ್ಷಮೆ ಕೇಳಿ ಹೊರಬಂದ.

ಮನೆಗೆ ಬಂದವನು ಬೈಯಲಿಲ್ಲ. ಕೈ ತೊಳೆದು ಕೂತು, "ಕ್ರೀಮೇ ಬೇಕಿದ್ರೆ ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದ. ಅಷ್ಟೇ. ಹದ್ದಕ್ಕ ತಮಾಷೆಗಾಗಿ ಕಾದಳು. ಏನಾದರೊಂದು ಹೇಳಿ ನಗಿಸಿಬಿಡುತ್ತಾನೆ, ಹಗುರಾಗುತ್ತದೆ ಎಂದುಕೊಂಡಳು. ಅವನು ತಟ್ಟೆ ನೋಡುತ್ತ ಊಟ ಮಾಡಿದ. ತಾನು ಮಾಡಿದ್ದ ಬಂಗಿನ ತಮಾಷೆಗಳೆಲ್ಲ ಅವನಿಗೆ ಒಂದೊಂದಾಗಿ ನೆನಪಾಗುತ್ತಿವೆಯೆಂದು ಅವಳಿಗೆ ತಿಳಿಯಿತು. ಅವನನ್ನು ಸಮಾಧಾನ ಮಾಡುವ ಮುಖ ತನಗಿಲ್ಲವೆಂದೂ ಅನಿಸಿತು.

ಕಂಪನಿಗೆ ಫೋನು ಮಾಡಿದಳು. ಜೇನಿನಂಥ ದನಿಯೊಂದು, "ಮೇಡಂ, ಷರತ್ತಿಗೆ ನೀವೇ ಒಪ್ಪಿದ್ದೀರಲ್ಲ" ಎಂದಿತು. ರದ್ದು ಮಾಡಿ ಎಂದರೆ ಅರ್ಧ ಬೆಲೆಗೆ ಮುಂದುವರಿಸಿ ಎಂದಿತು. ಬೇಡವೇ ಬೇಡ ಎಂದಾಗ ಸಂಗೀತ ಹಾಕಿ ಹೋಯಿತು, ಮರಳಿ ಬರಲೇ ಇಲ್ಲ. ಕಡೆಗೆ ಬ್ಯಾಂಕಿನ ಅದೇ ಹುಡುಗಿ ಕಾರ್ಡನ್ನೇ ನಿಲ್ಲಿಸಿಕೊಟ್ಟಳು. ಹೋದದ್ದು ಹೋಯಿತು. ಮಾನ ಉಳಿಯಿತಲ್ಲ ಎಂದು ಹದ್ದಕ್ಕ ಉಸಿರುಬಿಟ್ಟಳು.

ಮಾನ ಹೋಗುವುದು ಅದಾದ ಮೇಲೆ ಶುರುವಾಯಿತು.

"ಅಕ್ಕಾ, ನಿಮ್ಮನ್ನ ಫೋನಲ್ಲಿ ನೋಡ್ದೆ!" ಎಂದಳು ದಿನಾ ಬರುವ ಹೂಗಿಡದ ಅಂಗಡಿಯಾಕೆ, ಟಿಕೆಟಿಗೆ ಕೈ ಚಾಚುತ್ತ. ತೋರಿಸಿದಳು. ಎಡಗಡೆ ಟ್ಯೂಬ್‌ಲೈಟಿನ ಅಡಿಯ ಅದೇ ಮುಖ. ಬಂಗನ್ನು ಇನ್ನಷ್ಟು ಕಪ್ಪು ಮಾಡಿದ್ದರು. ಬಲಗಡೆ ಅದೇ ಕಣ್ಣು, ಅದೇ ಮೂಗು. ಚರ್ಮ ಮಾತ್ರ ತೊಳೆದಿಟ್ಟ ಪಿಂಗಾಣಿಯಂತೆ ಹೊಳೆಯುತ್ತಿತ್ತು. ಕೆಳಗೆ ಯಾರದೋ ಹೆಸರು. ಅವಳು ಕನಸಿನಲ್ಲೂ ಆಡದ ಮಾತುಗಳು: "ನನ್ನ ಗಂಡನೇ ನನ್ನನ್ನು ಗುರುತಿಸಲಿಲ್ಲ!"

ಹೂಗಿಡದಾಕೆ ಫೋನನ್ನೊಮ್ಮೆ, ಎದುರಿಗಿದ್ದ ಮುಖವನ್ನೊಮ್ಮೆ ನೋಡಿದಳು. ಎದುರಿಗಿದ್ದ ಮುಖ ಎಡಗಡೆಯ ಫೋಟೋದಂತೆಯೇ ಇತ್ತು. "ಬೆಳಕಿನ ವ್ಯತ್ಯಾಸ ಇರ್ಬೇಕು" ಎಂದು ಪಾಪ ತಾನೇ ಸಮಜಾಯಿಷಿ ಕೊಟ್ಟುಕೊಂಡಳು. "ಅದು ನಾನಲ್ಲ" ಎನ್ನಲು ಹದ್ದಕ್ಕನಿಗೆ ಬಾಯಿ ಬರಲಿಲ್ಲ. "ಅದು ಸುಳ್ಳು" ಎಂದರೆ ಕಥೆ ಪೂರ್ತಿ ಹೇಳಬೇಕು. ಎಲ್ಲರ ಪುಕ್ಕಟೆ ಬುದ್ಧಿಯನ್ನು ಆಡಿಕೊಂಡವಳು, ಪುಕ್ಕಟೆಗೆ ಬಿದ್ದೆ ಎನ್ನಬೇಕು. "ರೈಟ್" ಎಂದು ಕೂಗಿ ಸೀಟಿ ಊದಿದಳು.

ಮಾರನೆಯ ದಿನದಿಂದ ಮುಖಕ್ಕೆ ವಸ್ತ್ರ ಕಟ್ಟಿಕೊಂಡು ಬಂದಳು. ಧೂಳು ಎಂದಳು. ಜನರ ಮುಖ ನೋಡುವುದನ್ನೇ ಬಿಟ್ಟಳು; ಚಾಚಿದ ಕೈಗಳನ್ನು ಮಾತ್ರ ನೋಡಿ ಟಿಕೆಟ್ ಕೊಡುತ್ತಿದ್ದಳು. ಕೈ ಚಾಚದವರು ಕೈ ಬೀಸಿಕೊಂಡು ಇಳಿದುಹೋದರು. ಒಂದು ದಿನ ಚೆಕಿಂಗ್‌ನವರು ಹತ್ತಿ, ಹಿಂದಿನ ಸೀಟುಗಳಿಂದ ಟಿಕೆಟ್ ಇಲ್ಲದವರನ್ನು ಗುಂಪಾಗಿಯೇ ಎಬ್ಬಿಸಿದರು. "ಏನಮ್ಮಾ, ಹದ್ದಿಗೆ ಪೊರೆ ಬಂತಾ?" ಎಂದು ನಕ್ಕರು. ಡ್ರೈವರ್ ಕನ್ನಡಿಯಲ್ಲಿ ಅವಳನ್ನು ನೋಡಿದ.

ಅದೇ ದಿನಗಳಲ್ಲಿ ಶಿಶುವಿಹಾರದ ಆಯಾ ಹದ್ದಕ್ಕ ನಿಂತಿದ್ದ ಕಂಬದ ಪಕ್ಕದ ಸೀಟಿಗೆ ಬಂದು ಕೂತಳು. ಹದ್ದಕ್ಕನಿಗಿಂತ ಹತ್ತಾರು ವರ್ಷ ಚಿಕ್ಕವಳು, ಕೆನ್ನೆ ತುಂಬ ಹಳೆಯ ಮೊಡವೆಯ ಕಲೆ, ಮೆಲುಮಾತಿನವಳು. ಸರಿಯಾದ ಚಿಲ್ಲರೆಯನ್ನು ಮೊದಲೇ ಮುಷ್ಟಿಯಲ್ಲಿ ಹಿಡಿದು ಹತ್ತುವ ಪ್ರಯಾಣಿಕರಲ್ಲಿ ಒಬ್ಬಳು. ಅವತ್ತು ಅವಳ ಮುಖ ಕೆಂಪೇರಿತ್ತು. ಮೂಗಿನ ಎರಡೂ ಬದಿಗೆ ಚರ್ಮ ಸುಲಿದು ನಿಂತಿತ್ತು.

"ಅಕ್ಕಾ, ಒಂದು ಕೇಳ್ಲಾ?" ಎಂದಳು ಬಗ್ಗಿ, ಪಿಸುದನಿಯಲ್ಲಿ. "ನಿಮ್ಗೆ ಹೀಗೆ ಸಿಪ್ಪೆ ಏಳೋದು ಎಷ್ಟು ದಿನ ಇತ್ತು, ಬೆಳ್ಳಗಾಗೋಕ್ ಮುಂಚೆ?"

ಹದ್ದಕ್ಕನ ಕೈಯ ಯಂತ್ರ ಅರ್ಧ ಟಿಕೆಟು ಹೊರಹಾಕಿ ನಿಂತಿತು.

"ನಾನು ಇಂಥದ್ದೆಲ್ಲ ನಂಬೋಳಲ್ಲ" ಎಂದಳು ಆಯಾ. "ಆದ್ರೆ ನಿಮ್ ಫೋಟೋ ನೋಡ್ದೆ. ಹದ್ದಕ್ಕನೇ ತಗೊಂಡಿದ್ದಾರೆ ಅಂದ್ಮೇಲೆ ಮೋಸ ಇರಲ್ಲ ಅಂತ ನಮ್ಮಣ್ಣನ ಕಾರ್ಡ್ ಕೊಟ್ಟು ತರಿಸ್ದೆ."

ಸುತ್ತ ನಿಂತವರ ಕಿವಿ ಇತ್ತ ತಿರುಗಿದ್ದು ಹದ್ದಕ್ಕನಿಗೆ ಅರಿವಾಯಿತು. ಹೂಗಿಡದಾಕೆ ಅಲ್ಲೇ ಇದ್ದಳು. ವಸ್ತ್ರದ ಒಳಗೆ ಬೆವರಿತು. ಒಂದೇ ಮಾತು ಸಾಕಿತ್ತು, ಹಚ್ಚಬೇಡ ಎಂಬ ಒಂದು ಮಾತು. ಅದರ ಬದಲು ಅವಳ ಬಾಯಿಂದ ಬಂದದ್ದು: "ಸ್ವಲ್ಪ ದಿನ ಇರುತ್ತೆ. ಆಮೇಲೆ ಸರಿಹೋಗುತ್ತೆ."

"ಅಬ್ಬ, ಈಗ ಧೈರ್ಯ ಬಂತಕ್ಕಾ" ಎಂದು ಆಯಾ ನಕ್ಕಳು. ನಗುವಾಗ ಸುಲಿದ ಚರ್ಮ ಎಳೆದು ನೋವಾಗಿ ಕಣ್ಣು ಮುಚ್ಚಿಕೊಂಡಳು. ತನ್ನ ಸ್ಟಾಪಿನಲ್ಲಿ ಇಳಿದು, ಕೆಳಗಿನಿಂದ ಕೈ ಬೇರೆ ಬೀಸಿದಳು.

ಆಮೇಲೆ ಅವಳು ಬಸ್ಸಿಗೆ ಬರಲಿಲ್ಲ. ಹದ್ದಕ್ಕ ಪ್ರತಿ ಬೆಳಗ್ಗೆ ಆ ಸ್ಟಾಪಿನಲ್ಲಿ ತಲೆ ಹೊರಗೆ ಹಾಕಿ ನೋಡುವಳು. ವಾರ ಕಳೆದ ಮೇಲೆ ಹೂಗಿಡದಾಕೆಯೇ ಸುದ್ದಿ ಹೇಳಿದಳು. ಆಯಾಳ ಮುಖವೆಲ್ಲ ಹುಣ್ಣಾಗಿದೆ. ಮಕ್ಕಳಿಗೆ ಅಂಟುರೋಗ ಬಂದೀತೆಂದು ತಂದೆತಾಯಂದಿರು ಗಲಾಟೆ ಮಾಡಿ ಕೆಲಸದಿಂದ ಬಿಡಿಸಿದ್ದಾರೆ. ಆಯಾಳ ಮನೆ ಎಲ್ಲಿ ಎಂದು ಹದ್ದಕ್ಕ ಕೇಳಿ ತಿಳಿದುಕೊಂಡಳು.

ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದಳು. ಫೋಟೋದ ವಿಷಯ, ಆಯಾ ಕೇಳಿದ್ದು, ತಾನು ಕೊಟ್ಟ ಉತ್ತರ. ಅವನು ಕೈಯ ಗ್ರೀಸು ಒರೆಸಿಕೊಂಡು, "ದುಡ್ಡು ಹೋಗಿದ್ದು ಮೋಸ. ಇದು ಮೋಸ ಅಲ್ಲ ಕಣೇ, ಇದು ನೀನೇ ಮಾಡಿದ್ದು" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ತಾಗಿತು. "ನಾಳೆ ನಿನಗೆ ರಜಾ ಅಲ್ವಾ? ಹೋಗ್ಬಾ. ನಾನೂ ಬರ್ಲಾ?"

"ಬೇಡ" ಎಂದಳು.

ಆಯಾಳ ಮನೆಯೆಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ. ಏಣಿಯಂಥ ಮೆಟ್ಟಿಲು, ಮೇಲೆ ಒಣಹಾಕಿದ ಬಟ್ಟೆ. ಬಾಗಿಲು ತೆರೆದದ್ದು ಆಯಾಳ ತಾಯಿ. ವಸ್ತ್ರವಿಲ್ಲದ ಮುಖವನ್ನು ನೋಡಿದ ಕೂಡಲೇ ಮುದುಕಿಗೆ ಗುರುತು ಹತ್ತಿತು.

"ಫೋಟೋದಲ್ಲಿದ್ದೋಳು ನೀನೇನಾ?"

"ಹೌದಮ್ಮ."

"ಎಷ್ಟು ಕೊಟ್ರು ನಿಂಗೆ, ನನ್ ಮಗಳ ಮುಖ ಸುಡೋಕೆ?"

"ಏನೂ ಕೊಡ್ಲಿಲ್ಲಮ್ಮ. ನನ್ ಹತ್ರಾನೂ ಕಿತ್ಕೊಂಡ್ರು" ಎಂದಳು ಹದ್ದಕ್ಕ, ಹೊಸ್ತಿಲಾಚೆಯೇ ನಿಂತು. ಸೈಕಲ್ ಅಂಗಡಿಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ಕೆಳಗೆ ಕೇಳಿಸುತ್ತಿದೆ ಎಂದು ಗೊತ್ತಾದರೂ ದನಿ ಇಳಿಸಲಿಲ್ಲ. ಮೊದಲಿನಿಂದ ಹೇಳಿದಳು. ಮಗುವಿನ ಮಾತು, ಓಡುವ ಗಡಿಯಾರ, ಕಾಣದ ಚೌಕ, ತನ್ನನ್ನು ಕೇಳದೆ ಕಂಪನಿಯವರು ಹಾಕಿದ ಫೋಟೋ.

ಒಳಗೆ ಚಾಪೆಯ ಮೇಲೆ ಆಯಾ ಗೋಡೆಗೆ ಮುಖ ಮಾಡಿ ಕೂತಿದ್ದಳು. ಕಥೆ ಮುಗಿದ ಮೇಲೆ ತಿರುಗಿದಳು. ಕೆನ್ನೆಗಳು ಕಂದಿ, ಒಡೆದು, ಅಲ್ಲಲ್ಲಿ ಹೊಪ್ಪಳೆಗಟ್ಟಿದ್ದವು.

"ಫೋಟೋ ನೀವು ಹಾಕ್ಲಿಲ್ಲ ಅಂತೀರಿ, ಸರಿ" ಎಂದಳು. "ನಿಮಗೂ ಮೋಸ ಆಯ್ತು ಅಂತೀರಿ, ಅದೂ ಸರಿ. ಆದ್ರೆ ನಾನು ಬಾಯ್ಬಿಟ್ಟು ಕೇಳಿದ್ನಲ್ಲ ಅಕ್ಕಾ."

ಹದ್ದಕ್ಕ "ಜನ ಕೇಳಿಸ್ಕೊಳ್ತಿದ್ರು" ಎಂದು ಹೇಳಹೋದಳು. ಆ ಮುಖದ ಮುಂದೆ ಆ ಮಾತು ಆಡಲು ನಾಲಿಗೆ ಏಳಲಿಲ್ಲ. "ನಾಚಿಕೆ ಆಯ್ತು, ಅದಕ್ಕೆ ಸುಳ್ಳು ಹೇಳ್ದೆ" ಎಂದಳು. "ಡಾಕ್ಟ್ರ ಹತ್ರ ಹೋಗೋಣ, ಬಾ."

ಆಯಾ ಬರುವುದಿಲ್ಲ ಎಂದಳು. ತಾಯಿಯೇ ಗದರಿ ಎಬ್ಬಿಸಿದಳು: "ಕೋಪ ಆಮೇಲೆ ಮಾಡ್ಕೋ, ಮೊದ್ಲು ಮುಖ ನೋಡ್ಕೋ." ಚರ್ಮದ ಡಾಕ್ಟರು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಳಗೆ ಏನು ಹಾಕಿದ್ದಾರೆಂದು ಎಲ್ಲೂ ಬರೆದಿರಲಿಲ್ಲ. ಮುಲಾಮು ಬರೆದುಕೊಟ್ಟು, ವಾಸಿಯಾಗುತ್ತದೆ, ಗುರುತು ಸ್ವಲ್ಪ ಉಳಿಯಬಹುದು ಎಂದರು. "ಸಿಪ್ಪೆ ಏಳೋಕೆ ಶುರುವಾದಾಗ್ಲೇ ನಿಲ್ಲಿಸಿದ್ರೆ ಇಷ್ಟಾಗ್ತಿರ್ಲಿಲ್ಲ. ಯಾರೂ ಹೇಳ್ಲಿಲ್ವಾ ನಿಮ್ಗೆ?" ಎಂದು ಕೇಳಿದರು. ಆಯಾ ಹದ್ದಕ್ಕನ ಕಡೆ ನೋಡಲಿಲ್ಲ. "ಇಲ್ಲ" ಎಂದಳು. ಆ ಒಂದು ಇಲ್ಲಕ್ಕಿಂತ ನಾಲ್ಕು ಜನರ ಮುಂದೆ ಕೆನ್ನೆಗೆ ಬಾರಿಸಿದ್ದರೆ ವಾಸಿಯಿತ್ತು ಎಂದು ಹದ್ದಕ್ಕನಿಗೆ ಅನಿಸಿತು.

ಮುಂದಿನ ಕೆಲಸಗಳನ್ನು ಅವಳು ಒಂದೊಂದಾಗಿ ಮಾಡಿದಳು. ಆಯಾಳ ಅಣ್ಣನನ್ನು ಬ್ಯಾಂಕಿಗೆ ಕರೆದೊಯ್ದು ಕಾರ್ಡು ನಿಲ್ಲಿಸಿದಳು. ಅವನ ಬೈಗುಳವನ್ನು ದಾರಿಯುದ್ದಕ್ಕೂ ಕೇಳಿಸಿಕೊಂಡಳು. ಪೊಲೀಸರಿಗೆ ದೂರು ಕೊಟ್ಟಳು. ಬರೆದುಕೊಂಡವನು ಫೋಟೋ ನೋಡಿ ನಗು ತಡೆಯಲು ತುಟಿ ಕಚ್ಚಿಕೊಂಡ. ಜಾಹೀರಾತು ಕೆಲವು ದಿನ ಮಾಯವಾಗಿ, ಬೇರೆ ಹೆಸರಿನ ಡಬ್ಬಿಯೊಂದಿಗೆ, ಅದೇ ಮುಖ ಹೊತ್ತು ಮತ್ತೆ ಬಂತು. ಶಿಶುವಿಹಾರಕ್ಕೂ ಹೋಗಿ, ಡಾಕ್ಟರ ಚೀಟಿ ತೋರಿಸಿ, ಅಂಟುರೋಗವಲ್ಲ ಎಂದು ಮೇಲ್ವಿಚಾರಕಿಗೆ ಹೇಳಿದಳು. ಮುಖ ವಾಸಿಯಾಗುವವರೆಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲಿ, ಆಮೇಲೆ ಮಕ್ಕಳ ಕೋಣೆಗೆ ಬರಲಿ ಎಂದು ಅವರು ಒಪ್ಪಿದರು.

ಉಳಿದದ್ದು ಬಸ್ಸು. ಒಂದು ಬೆಳಗ್ಗೆ ಇಬ್ಬರು ಹೆಂಗಸರು ಫೋನಿನ ಮೇಲೆ ತಲೆ ಬಾಗಿಸಿ, ಅವಳ ಕಡೆ ಕಳ್ಳನೋಟ ಬೀರುತ್ತಿದ್ದರು. ಹದ್ದಕ್ಕ ವಸ್ತ್ರ ಬಿಚ್ಚಿದಳು. ಸ್ಟಾಪುಗಳ ಹೆಸರನ್ನು ಇಂಜಿನ್ನಿನ ಸದ್ದನ್ನೂ ಮೀರಿಸಿ ಕೂಗುವ ಗಂಟಲು ಅವತ್ತು ಕೈಕೊಟ್ಟಿತು. "ಒಂದ್ನಿಮಿಷ ಕೇಳಿ" ಎಂದದ್ದು ಎರಡನೇ ಸೀಟಿಗೂ ಮುಟ್ಟಲಿಲ್ಲ. ಡ್ರೈವರ್ ಬಸ್ಸನ್ನು ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದ.

"ಆ ಜಾಹೀರಾತಲ್ಲಿ ಇರೋದು ನನ್ನ ಮುಖಾನೇ. ಪುಕ್ಕಟೆ ಅಂತ ಹೋದೆ, ಮೋಸ ಹೋದೆ. ಎಡಗಡೆ ಇರೋದು ನಿಜ, ಬಲಗಡೆ ಇರೋದು ಸುಳ್ಳು. ಅದನ್ನ ಹಚ್ಚಿ ಒಬ್ಳ ಮುಖ ಸುಟ್ಟಿದೆ. ಅವಳು ನನ್ನನ್ನ ಕೇಳಿದ್ಲು. ನಾನು ಹೇಳ್ಲಿಲ್ಲ. ದಯವಿಟ್ಟು ಯಾರೂ ತಗೋಬೇಡಿ."

ಕೆಲವರು ಅಯ್ಯೋ ಎಂದರು. ಹಿಂದಿನಿಂದ ಒಬ್ಬ, ಒಮ್ಮೆ ಅವಳಿಂದ ಟಿಕೆಟಿಗಾಗಿ ಬೈಸಿಕೊಂಡವನಿರಬೇಕು, "ಊರಿಗೆಲ್ಲ ಬುದ್ಧಿ ಹೇಳೋರು, ನೋಡಪ್ಪಾ!" ಎಂದ. ನಗು ಎದ್ದಿತು. ಅವಳು ತಲೆ ತಗ್ಗಿಸಿ ನಿಂತು ಅದು ಮುಗಿಯುವವರೆಗೂ ಕೇಳಿಸಿಕೊಂಡಳು. ಇಂಜಿನ್ ಮತ್ತೆ ಗುರುಗುಟ್ಟಿತು.

ಆಯಾ ಕೆಲಸಕ್ಕೆ ಮರಳಿದಳು. ಕೆನ್ನೆಯ ಮೇಲೆ ತಿಳಿಗೆಂಪು ಗುರುತು ಉಳಿದಿತ್ತು. ಡ್ರೈವರನ್ನು ನೋಡಿ ನಗುತ್ತಿದ್ದಳು. ಹದ್ದಕ್ಕನ ಕೈಗೆ ಚಿಲ್ಲರೆ ಹಾಕಿ ಸ್ಟಾಪಿನ ಹೆಸರಷ್ಟೇ ಹೇಳಿ ಹಿಂದೆ ಹೋಗುತ್ತಿದ್ದಳು. ಬೆಳಗ್ಗೆ ಆಯಾಳ ಸ್ಟಾಪಿನಲ್ಲಿ, ಅವಳು ರಸ್ತೆಯ ಮೂಲೆಯಲ್ಲಿ ಕಾಣುವವರೆಗೂ ಹದ್ದಕ್ಕ ಸೀಟಿ ಊದುತ್ತಿರಲಿಲ್ಲ. ಜನ ಗೊಣಗಿದರೂ ಬಸ್ಸು ನಿಲ್ಲುತ್ತಿತ್ತು. ತಿಂಗಳುಗಳು ಹೀಗೆಯೇ ಹೋದವು. ಆಮೇಲೊಂದು ಸಂಜೆ ಆಯಾ ಇಳಿಯುವಾಗ ಮೆಟ್ಟಿಲ ಮೇಲೆ ಅರೆಕ್ಷಣ ನಿಂತಳು. ತಿರುಗಿ ನೋಡದೆಯೇ ಹೇಳಿದಳು:

"ನಾಳೆ ನಂಗೆ ರಜಾ. ಸುಮ್ನೆ ಬಸ್ ನಿಲ್ಲಿಸ್ಕೊಂಡು ಕಾಯ್ಬೇಡಿ."

"ಆಯ್ತಮ್ಮ" ಎಂದಳು ಹದ್ದಕ್ಕ. ಸೀಟಿ ಊದಬೇಕೆಂದು ಅವಳಿಗೆ ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು.